ಹಿತ್ತಲು ಇಲ್ಲದ ಮನೆಯಲ್ಲಿ ಕೋಳಿ ತೊಳೆಯೋದು

ನಮ್ಮ ಮನೆಯಲ್ಲಿ ಕೋಳಿ ತಿನ್ನದವಳು ಮಗಳು ಒಬ್ಬಳೇ. ಮೂರು ವರ್ಷದ ಹಿಂದೆ ಒಂದು ಭಾನುವಾರ ನಾವೆಲ್ಲ ಕೋಳಿಸಾರು, ಮುದ್ದೆ ಉಂಡೆವು. ಅವಳು ಅನ್ನಕ್ಕೆ ತಿಳಿಸಾರು ಹಾಕಿಕೊಂಡು, ಜೊತೆಗೆ ಸೌತೆಕಾಯಿ ಕೋಸಂಬರಿ ತಿಂದಳು. ಮಂಗಳವಾರ ಬೆಳಗ್ಗೆ ಅವಳಿಗೇ ಜ್ವರ, ಹೊಟ್ಟೆನೋವು, ಭೇದಿ. ಬಾಡು ಉಂಡವರಿಗೆ ಯಾರಿಗೂ ಏನೂ ಆಗಿರಲಿಲ್ಲ.

ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಹಸಿಯಾಗಿ ಏನು ತಿಂದಳು?" ಅಂತ ಕೇಳಿದರು. ಕೋಸಂಬರಿ ಅಂದೆ. "ಅವತ್ತು ಮನೇಲಿ ಕೋಳಿ ಮಾಡಿದ್ರಾ? ಎಲ್ಲಿ ತೊಳೆದ್ರಿ?" ಸಿಂಕಲ್ಲಿ ಅಂದೆ. "ಸೌತೆಕಾಯಿ ಎಲ್ಲಿ ಹೆಚ್ಚಿದ್ರಿ?" ಸಿಂಕಿನ ಪಕ್ಕದ ಕಟ್ಟೆ ಮೇಲೆ. ಅವರು ಓಆರ್‌ಎಸ್ ಬರೆದುಕೊಟ್ಟು, ನೀರು ಜಾಸ್ತಿ ಕುಡಿಸಿ ಅಂದರು. ನಾಲ್ಕು ದಿನಕ್ಕೆ ಹುಡುಗಿ ಚೇತರಿಸಿಕೊಂಡಳು. ಆ ಎರಡು ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ನಾನು ಕೋಳಿ ತೊಳೆಯುತ್ತಿದ್ದ ರೀತಿ ಹೇಳುತ್ತೇನೆ. ತುಂಡುಗಳನ್ನು ಪಾತ್ರೆಗೆ ಸುರಿದು ಸಿಂಕಿನಲ್ಲಿಟ್ಟು, ನಲ್ಲಿ ಜೋರಾಗಿ ಬಿಟ್ಟು, ಅರಿಶಿನ, ಉಪ್ಪು ಹಾಕಿ ತಿಕ್ಕಿ ಐದಾರು ಸಲ. ನೀರು ತಿಳಿಯಾಗುವ ತನಕ ಬಿಡುತ್ತಿರಲಿಲ್ಲ. ಅಮ್ಮ ಹಾಗೇ ಕಲಿಸಿದ್ದು.

ಆದರೆ ಅಮ್ಮ ತೊಳೆಯುತ್ತಿದ್ದ ಜಾಗ ಬೇರೆ. ಊರಲ್ಲಿ ನಾಟಿ ಕೋಳಿ ಕುಯ್ದರೆ ಎಲ್ಲಾ ಹಿತ್ತಲಲ್ಲೇ. ಪುಕ್ಕ ಕಿತ್ತು, ಅರಿಶಿನ ಸವರಿ, ತೆಂಗಿನ ಗರಿ ಉರಿಯಲ್ಲಿ ಸುಟ್ಟು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ತೊಳೆಯುತ್ತಿದ್ದರು. ನೀರು ಬಾಳೆಗಿಡದ ಬುಡಕ್ಕೆ ಹೋಗುತ್ತಿತ್ತು. ಒಲೆ ಹತ್ತಿರ ಬರುವಾಗ ಬಾಡು ನೇರವಾಗಿ ಪಾತ್ರೆಗೆ. ಸೊಪ್ಪು, ಸೌತೆಕಾಯಿ ಇದ್ದದ್ದು ಮನೆಯೊಳಗೆ, ಇಪ್ಪತ್ತು ಹೆಜ್ಜೆ ದೂರದಲ್ಲಿ. ನಾವು ಬೆಂಗಳೂರಿನ ಫ್ಲಾಟಿಗೆ ಬಂದಾಗ ತೊಳೆಯುವ ಪದ್ಧತಿ ಜೊತೆಗೆ ಬಂತು, ಹಿತ್ತಲು ಊರಲ್ಲೇ ಉಳಿಯಿತು. ಇಷ್ಟು ವರ್ಷ ಇದು ನನಗೆ ಹೊಳೆದೇ ಇರಲಿಲ್ಲ.

ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಇರಬಹುದು. ಅವು ಕೋಳಿಯ ಕರುಳಲ್ಲಿ ಇರುತ್ತವೆ, ಕುಯ್ದು ಶುಚಿ ಮಾಡುವಾಗ ಮಾಂಸಕ್ಕೆ ಹತ್ತುತ್ತವೆ. ಮಾಂಸಕ್ಕೆ, ಚರ್ಮಕ್ಕೆ ಅಂಟಿಕೊಂಡ ಅವು ನೀರಿಗೆ ಪೂರ್ತಿ ಬಿಟ್ಟುಕೊಡುವುದಿಲ್ಲ. ಅರಿಶಿನ, ನಿಂಬೆರಸ, ವಿನಿಗರ್ ಹಾಕಿ ತಿಕ್ಕಿದರೂ ಅಷ್ಟೇ. ನೀಚು ವಾಸನೆ ಕಮ್ಮಿಯಾಗುತ್ತೆ, ಬ್ಯಾಕ್ಟೀರಿಯಾ ಸಾಯುತ್ತೆ ಅಂತ ನಂಬುವ ಹಾಗಿಲ್ಲ. ಅವನ್ನು ಸಾಯಿಸೋದು ಬೆಂಕಿ. ಮಾಂಸದ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಕು. ಕೊತಕೊತ ಕುದಿಯುವ ಸಾರು 100 ಡಿಗ್ರಿ ಹತ್ತಿರ ಇರುತ್ತೆ. ಅಂದರೆ ನಾನು ಐದು ಸಲ ತೊಳೆದದ್ದು ಬೆಂಕಿ ಹೇಗೂ ಮಾಡುವ ಕೆಲಸಕ್ಕೆ. ಸೌತೆಕಾಯಿಗೆ ಮಾತ್ರ ಬೆಂಕಿ ಇಲ್ಲ.

ಇದನ್ನೆಲ್ಲ ಅತ್ತೆಗೆ ಹೇಳಿದೆ. ಅವರು ಒಪ್ಪಲಿಲ್ಲ. "ತೊಳೀದೆ ಬೇಯ್ಸಿದ್ರೆ ನಾನು ಉಣ್ಣಾಕಿಲ್ಲ ಕಣವ್ವ" ಅಂದರು. ಅವರ ಮಾತಿನಲ್ಲೂ ನ್ಯಾಯ ಇದೆ. ನಮ್ಮ ಅಂಗಡಿ ಕೋಳಿಯನ್ನು ಮರದ ದಿಮ್ಮಿ ಮೇಲೆ ಕತ್ತಿಯಲ್ಲಿ ಕೊಚ್ಚಿ ಕೊಡುತ್ತಾರೆ. ಮೂಳೆ ಚೂರು, ಒಂದೆರಡು ಪುಕ್ಕದ ಬೇರು, ಕೆಲವೊಮ್ಮೆ ದಿಮ್ಮಿಯ ಸಿಬಿರು ಕೂಡ ಇರುತ್ತೆ. ಅದನ್ನು ಹಾಗೇ ಸಾರಿಗೆ ಹಾಕು ಅಂತ ನಾನೂ ಹೇಳಲಾರೆ.

ಹಾಗಾಗಿ ತೊಳೆಯುವಾಗ ನೀರು ಎಲ್ಲಿಯವರೆಗೆ ಸಿಡಿಯುತ್ತೆ ಅಂತ ಒಂದು ಪರೀಕ್ಷೆ ಮಾಡೋಣ ಅಂದುಕೊಂಡೆ. ಸಿಂಕಿನ ಸುತ್ತ ಕಟ್ಟೆಗೆಲ್ಲ ಬಿಳಿ ಹಾಳೆ ಹಾಸಿದೆ. ಕೋಳಿಗೆ ಅರಿಶಿನ ಜಾಸ್ತಿಯೇ ಸವರಿ, ಯಾವಾಗಲೂ ಬಿಡುವಷ್ಟೇ ನಲ್ಲಿ ಬಿಟ್ಟು ತೊಳೆದೆ. ಹಾಳೆ ಮೇಲೆ ದೊಡ್ಡ ಹಳದಿ ಹನಿಗಳು ಕಂಡವು, ಎಲ್ಲಾ ಸಿಂಕಿನ ಅಂಚಿಗೇ. "ನೋಡು, ಅಷ್ಟೇ" ಅಂದರು ಅತ್ತೆ. ಆಮೇಲೆ ಅವರ ಎಲೆಅಡಿಕೆ ಡಬ್ಬಿಯಿಂದ ಸ್ವಲ್ಪ ಸುಣ್ಣ ತೆಗೆದು, ನೀರಲ್ಲಿ ಕಲಸಿ, ಬಟ್ಟೆಯಲ್ಲಿ ಅದ್ದಿ ಹಾಳೆಗೆ ಒತ್ತುತ್ತಾ ಹೋದೆ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತೆ ಅಲ್ವಾ, ಆರತಿ ಓಕುಳಿ ಆಗೋದೇ ಹಾಗೆ. ಕಣ್ಣಿಗೆ ಕಾಣದಿದ್ದ ಸಣ್ಣ ಸಣ್ಣ ಹನಿಗಳೆಲ್ಲ ಕುಂಕುಮ ಚುಕ್ಕಿಯ ಹಾಗೆ ಎದ್ದವು. ಮಿಕ್ಸಿಯ ಬುಡದವರೆಗೆ. ಒಂದು ಚುಕ್ಕಿ ಕೊತ್ತಂಬರಿ ಕಟ್ಟು ಇಡುವ ಜಾಗದಲ್ಲಿ. ಗೇಣು ಹಾಕಿ ಅಳೆದೆ, ಎರಡು ಗೇಣಿಗಿಂತ ಜಾಸ್ತಿ. ಅತ್ತೆ ಆ ಹಾಳೆಯನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಏನೂ ಮಾತಾಡದೆ ಎದ್ದು ಹೋಗಿ ಮೊಮ್ಮಗಳ ಪಕ್ಕ ಕೂತರು.

ಬ್ರಿಟನ್ನಿನ ಆಹಾರ ಸುರಕ್ಷತೆ ಇಲಾಖೆ 2014ರಲ್ಲೇ ಹಸಿ ಕೋಳಿ ತೊಳೆಯಬೇಡಿ ಅಂತ ಜನರಿಗೆ ಹೇಳಿತ್ತು. 2019ರಲ್ಲಿ ಅಮೆರಿಕದ ಕೃಷಿ ಇಲಾಖೆ ಒಂದು ಅಧ್ಯಯನದ ಫಲಿತಾಂಶ ಹೊರಗೆ ತಂದಿತು. ಅಪಾಯ ಇಲ್ಲದ ಬ್ಯಾಕ್ಟೀರಿಯಾ ಸವರಿದ ಕೋಳಿ ಕೊಟ್ಟು, ಜನರಿಂದ ಅಡುಗೆ ಮಾಡಿಸಿ, ಅದು ಎಲ್ಲೆಲ್ಲಿ ಹೋಯಿತು ಅಂತ ಹುಡುಕಿದರು. ಕೋಳಿ ತೊಳೆದವರಲ್ಲಿ 60 ಶೇಕಡಾ ಜನರ ಸಿಂಕಿನಲ್ಲಿ ಅದು ಸಿಕ್ಕಿತು. ಸಿಂಕ್ ತೊಳೆದ ಮೇಲೂ 14 ಶೇಕಡಾ ಜನರ ಸಿಂಕಿನಲ್ಲಿ ಉಳಿದಿತ್ತು. 26 ಶೇಕಡಾ ಜನರ ಸಲಾಡ್ ಸೊಪ್ಪಿಗೂ ಹತ್ತಿತ್ತು. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಅಂಕಿ. ಕೋಳಿ ತೊಳೆಯದವರಲ್ಲೂ 31 ಶೇಕಡಾ ಜನರ ಸೊಪ್ಪಿಗೆ ಅದು ಹೋಗಿತ್ತು. ಕೈ ಸರಿಯಾಗಿ ತೊಳೆಯದೇ ಇದ್ದದ್ದು, ಸಿಂಕಿಗೂ ಪಾತ್ರೆಗಳಿಗೂ ಅದು ಹತ್ತಿದ್ದು ಕಾರಣ ಇರಬೇಕು ಅಂದರು. ತೊಳೆಯೋದು ಬಿಟ್ಟುಬಿಟ್ಟರೆ ಮುಗಿಯಿತು ಅಂತ ನಾನು ಅಂದುಕೊಳ್ಳದೇ ಇದ್ದದ್ದು ಇದನ್ನು ಓದಿದ್ದಕ್ಕೇ.

ಈಗ ನಮ್ಮ ಮನೆಯಲ್ಲಿ ಹೀಗೆ ಮಾಡುತ್ತೇವೆ. ಕೋಸಂಬರಿ, ಈರುಳ್ಳಿ, ನಿಂಬೆ, ಕೊತ್ತಂಬರಿ, ಹಸಿಯಾಗಿ ತಿನ್ನುವುದೆಲ್ಲ ಮೊದಲೇ ಹೆಚ್ಚಿ ಮುಚ್ಚಿ ಊಟದ ಮೇಜಿನ ಮೇಲೆ ಇಟ್ಟುಬಿಡುತ್ತೇನೆ. ಮಸಾಲೆ ರುಬ್ಬಿಟ್ಟು, ಒಲೆ ಮೇಲೆ ಪಾತ್ರೆ ಇಟ್ಟು, ಆಮೇಲೆ ಕೋಳಿ ಚೀಲ ಬಿಚ್ಚೋದು. ಅಂಗಡಿ ಕೋಳಿಯಾದರೆ ಅಡುಗೆಮನೆಗೆ ತರುವುದೇ ಇಲ್ಲ, ಹಿಂದೆ ಪಾತ್ರೆ, ಬಟ್ಟೆ ತೊಳೆಯುವ ಯುಟಿಲಿಟಿಗೆ ಹೋಗುತ್ತೆ. ಅಗಲವಾದ ಸ್ಟೀಲ್ ಪಾತ್ರೆಗೆ ಮೊದಲು ನೀರು ತುಂಬಿ ನಲ್ಲಿ ನಿಲ್ಲಿಸುತ್ತೇನೆ. ನಿಂತ ನೀರಿಗೆ ತುಂಡುಗಳನ್ನು ಮೆಲ್ಲಗೆ ಬಿಟ್ಟು, ನೀರೊಳಗೇ ಬೆರಳಾಡಿಸಿ ಪುಕ್ಕ, ಸಿಬಿರು ಆರಿಸುತ್ತೇನೆ. ಬಗ್ಗಿಸಿ ಸುರಿಯೋದಿಲ್ಲ, ತುಂಡುಗಳನ್ನೇ ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ಆಗ ಮೂಳೆ ಚೂರು ತಳದಲ್ಲೇ ಉಳಿಯುತ್ತೆ. ಇದನ್ನು ಮಾಡಿ ನೋಡಿ, ತಳದಲ್ಲಿ ಸಿಗುವ ಚೂರು ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತೆ, ಐದು ಸಲ ನಲ್ಲಿ ಕೆಳಗೆ ತೊಳೆದಾಗ ಇಷ್ಟು ಹೋಗುತ್ತಿರಲಿಲ್ಲ. ಒಂದೇ ಸಲ, ಸಾಕು. ನೀರು ಅಷ್ಟೇನೂ ತಿಳಿಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆ ನೀರನ್ನು ಮೋರಿಗೆ ಹತ್ತಿರದಿಂದ ನಿಧಾನಕ್ಕೆ ಬಿಡುತ್ತೇನೆ.

ಪ್ಯಾಕೆಟ್ ಕೋಳಿಯಾದರೆ ತೊಳೆಯೋದೇ ಇಲ್ಲ. ಅದರಲ್ಲಿ ಇರುವ ಕೆಂಪು ನೀರು ರಕ್ತ ಅಂತ ಅನ್ನಿಸುತ್ತೆ, ಹೆಚ್ಚಾಗಿ ಅದು ಮಾಂಸದಿಂದ ಬಿಟ್ಟ ನೀರು. ಟಿಶ್ಯೂ ಪೇಪರಲ್ಲಿ ಒತ್ತಿ ತೆಗೆದು ನೇರವಾಗಿ ಮಸಾಲೆ ಹಚ್ಚುತ್ತೇನೆ. ಒದ್ದೆ ಇಲ್ಲದ ತುಂಡಿಗೆ ಮಸಾಲೆ ಚೆನ್ನಾಗಿ ಹಿಡಿಯುತ್ತೆ, ಹುರಿಯುವಾಗ ನೀರು ಬಿಟ್ಟುಕೊಂಡು ಬೇಯುವುದಿಲ್ಲ.

ಆಮೇಲಿನ ಕೆಲಸವೇ ಮುಖ್ಯ. ಕೈಯನ್ನು ಸೋಪು ಹಚ್ಚಿ, ಉಗುರು ಸಂದಿ ಸೇರಿಸಿ, ಇಪ್ಪತ್ತು ಎಣಿಸುವ ತನಕ ಉಜ್ಜಬೇಕು. ಪಾತ್ರೆ, ಮೋರಿ, ನಲ್ಲಿಯ ತಿರುಪು ಎಲ್ಲಕ್ಕೂ ಸೋಪು. ನಲ್ಲಿ ತಿರುಪನ್ನು ನಾವು ಯಾವಾಗಲೂ ಮರೆಯುತ್ತೇವೆ, ಕೋಳಿ ಕೈಯಲ್ಲೇ ಅದನ್ನು ತಿರುವಿರುತ್ತೇವೆ ನೋಡಿ. ಕೋಳಿಗೆ ಅಂತಲೇ ಬೇರೆ ಮಣೆ, ಬೇರೆ ಸ್ಕ್ರಬ್ಬರ್ ಇಟ್ಟಿದ್ದೇನೆ. ಸ್ಕ್ರಬ್ಬರಿಗೆ ಕೆಂಪು ದಾರ ಕಟ್ಟಿದೆ.

ಸಾರಿಗೆ ಚಿಂತೆ ಇಲ್ಲ, ಅದು ಕುದಿದೇ ಕುದಿಯುತ್ತೆ. ಕಬಾಬಿಗೆ ಎಚ್ಚರ ಬೇಕು. ಲೆಗ್ ಪೀಸ್ ಹೊರಗೆ ಕೆಂಪಗಾಗಿದ್ದರೂ ಮೂಳೆ ಹತ್ತಿರ ಹಸಿ ಇರಬಹುದು. ಮಸಾಲೆ ಹಚ್ಚುವ ಮುಂಚೆ ಮೂಳೆ ಮುಟ್ಟುವಷ್ಟು ಆಳ ಗೀರುತ್ತೇನೆ, ಉರಿ ಸಣ್ಣಗೆ ಮಾಡುತ್ತೇನೆ. ಕಡ್ಡಿಯಂಥ ಅಡುಗೆ ಥರ್ಮಾಮೀಟರ್ ಒಂದು ತಂದಿದ್ದೇನೆ, ದಪ್ಪ ಜಾಗಕ್ಕೆ ಚುಚ್ಚಿ 74 ಬಂತಾ ಅಂತ ಮಗಳೇ ನೋಡಿ ಹೇಳುತ್ತಾಳೆ.

ಯುಟಿಲಿಟಿಯಲ್ಲಿ ಸಣ್ಣ ಮಣೆ ಹಾಕಿಕೊಂಡು ಕೂರೋದು ಈಗ ಅತ್ತೆ. ಪುಕ್ಕದ ಬೇರು ಆರಿಸೋದರಲ್ಲಿ ಅವರ ಕಣ್ಣು ನನಗಿಂತ ಚುರುಕು. ಹೋದ ಭಾನುವಾರ ನಾನು ಮರೆತು ಅಲ್ಲಿ ಪುದೀನ ಕಟ್ಟು ಇಡಲು ಹೋದೆ. "ಒಳಕ್ಕೆ ತಗೊಂಡೋಗವ್ವ ಅದನ್ನ" ಅಂದರು, ನೀರಿಂದ ಕೈ ಎತ್ತದೆ.