ಪಾಪುಗೆ 138, ಅಪ್ಪನಿಗೆ 54

ಬಾಣಂತನಕ್ಕೆ ಬಂದಿದ್ದ ತಂಗಿ ರಾತ್ರಿ ಹನ್ನೊಂದಕ್ಕೆ ನನ್ನನ್ನು ಎಬ್ಬಿಸಿದಳು. "ಅಕ್ಕ, ಪಾಪು ನೆತ್ತಿ ನೋಡು, ಹೆಂಗೆ ಹೊಡ್ಕೋತಾ ಇದೆ!" ಇಪ್ಪತ್ತು ದಿನದ ಕೂಸು. ನೆತ್ತಿಯ ಮೆತ್ತನೆ ಜಾಗ ನಿಜಕ್ಕೂ ಪುಟಪುಟ ಅಂತಿತ್ತು. ಅಮ್ಮ ಆಗಲೇ ದೃಷ್ಟಿ ತೆಗೆಯೋಕೆ ಉಪ್ಪು, ಮೆಣಸಿನಕಾಯಿ ಹಿಡಿದು ನಿಂತಿದ್ದರು.

ನಾನು ನರ್ಸ್. ಹದಿನೆಂಟು ವರ್ಷದಿಂದ ದಿನಾ ಪಲ್ಸ್ ಎಣಿಸುತ್ತಿದ್ದೇನೆ. ಆದರೂ ಮನೆ ಕೂಸು ಅಂದಾಗ ಎದೆ ಝಲ್ ಅಂದಿದ್ದು ಸುಳ್ಳಲ್ಲ. ಸ್ಟೆತೊಸ್ಕೋಪನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡು ಎದೆಯ ಎಡಗಡೆ ಇಟ್ಟೆ. ತಣ್ಣಗಿದ್ದರೆ ಮಗು ಬೆಚ್ಚಿ ಅಳುತ್ತೆ, ಎಣಿಸಿದ್ದೆಲ್ಲ ದಂಡ. ಪೂರ್ತಿ ಒಂದು ನಿಮಿಷ ಕೇಳಿದೆ. 138.

ಅಷ್ಟು ಹೊತ್ತಿಗೆ ಅಮ್ಮ ದೃಷ್ಟಿ ತೆಗೆದು ಉಪ್ಪನ್ನು ಕೆಂಡಕ್ಕೆ ಹಾಕಿದರು. ಚಟಪಟ ಸದ್ದಿಗೆ ಪಾಪು ಎದ್ದು ಕಿರುಚಿತು. ಮತ್ತೆ ಎಣಿಸಿದೆ, 172! ಹಾಲು ಕುಡಿದು ಸುಮ್ಮನಾದ ಮೇಲೆ ತಾನಾಗೇ ಇಳಿಯಿತು.

ತಂಗಿಗೆ ಹೇಳಿದೆ: ನೆತ್ತಿಯಲ್ಲಿ ಹೊಡ್ಕೋತಾ ಇರೋದು ಹೃದಯದ ಬಡಿತವೇ. ಕೂಸಿನ ಹೃದಯ ಅದರ ಮುಷ್ಟಿಯಷ್ಟೇ. ಒಂದು ಸಲ ಬಡಿದರೆ ಹೋಗೋದು ಒಂದಿಷ್ಟೇ ರಕ್ತ, ಅದಕ್ಕೇ ಬೇಗ ಬೇಗ ಬಡಿಯಬೇಕು. ಸುಮ್ಮನಿರುವಾಗ ನಿಮಿಷಕ್ಕೆ 100ರಿಂದ 160 ಇದ್ದರೆ ಭಯವಿಲ್ಲ. ಹಾಲು ಬಿಟ್ಟು, ಸಪ್ಪಗಾಗಿ, ತುಟಿ ನೀಲಿಯಾದರೆ ಲೆಕ್ಕ ಗಿಕ್ಕ ಬಿಟ್ಟು ಆಸ್ಪತ್ರೆಗೆ ಓಡಬೇಕು. ಬೆಳೀತಾ ಬೆಳೀತಾ ಬಡಿತ ನಿಧಾನವಾಗುತ್ತೆ. ನಾಲ್ಕೈದು ವರ್ಷಕ್ಕೆ 80ರಿಂದ 120ರ ಒಳಗೆ, ಹದಿಹರೆಯಕ್ಕೆ ಬಂದಾಗ ನಮ್ಮ ಹಾಗೇ 60ರಿಂದ 100.

ಬೆಳಗ್ಗೆ ಮನೆಮಂದಿಯೆಲ್ಲ ಕೈ ಚಾಚಿದರು. ತಂಗಿಯ ದೊಡ್ಡ ಮಗನಿಗೆ ಒಂಬತ್ತು ವರ್ಷ, 88 ಬಂತು. ಉಸಿರು ಒಳಗೆ ಎಳೆದಾಗ ಬೇಗ, ಬಿಟ್ಟಾಗ ನಿಧಾನ. ಮಕ್ಕಳಲ್ಲಿ ಇದು ಮಾಮೂಲಿ. ತಂಗಿ ಗಂಡ ತಾನೇ ಎಣಿಸುತ್ತೇನೆ ಅಂತ ಮಣಿಕಟ್ಟಿಗೆ ಹೆಬ್ಬೆರಳು ಒತ್ತಿದ. ಹೆಬ್ಬೆರಳಿಗೇ ಒಂದು ಮಿಡಿತ ಇರುತ್ತೆ, ಎರಡೂ ಬೆರೆತು ಲೆಕ್ಕ ತಪ್ಪುತ್ತೆ. ತೋರುಬೆರಳು, ಮಧ್ಯದ ಬೆರಳು ಇಡಿಸಿದೆ. 98 ಅಂದ. ಅಲ್ಲಪ್ಪಾ, ಈಗಷ್ಟೇ ಗ್ಯಾಸ್ ಸಿಲಿಂಡರ್ ಹೊತ್ತು ಮಹಡಿ ಹತ್ತಿ ಬಂದವನು! ಮಾರನೇ ದಿನ ಹಾಸಿಗೆಯಿಂದ ಏಳುವ ಮೊದಲು ನೋಡಿಸಿದೆ, 72.

ಅಪ್ಪನ ಕೈ ಹಿಡಿದಾಗ ಮಾತ್ರ ನಾನು ಅವಸರ ಮಾಡಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಅಜ್ಜಿಯ ಪಲ್ಸನ್ನು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ, ಚಾರ್ಟಿನಲ್ಲಿ 76 ಅಂತ ಬರೆದಿದ್ದೆ. ಹಿರಿಯ ಸಿಸ್ಟರ್ ಬಂದು ಅದೇ ಕೈ ಹಿಡಿದು, "ಇದರ ತಾಳ ಎಲ್ಲಿದೆ ಹುಡುಗಿ?" ಅಂದರು. ಮತ್ತೆ ಬೆರಳಿಟ್ಟೆ. ಎರಡು ಬಡಿತ ಒಟ್ಟಿಗೆ, ಆಮೇಲೆ ಖಾಲಿ, ಆಮೇಲೆ ಮೂರು ಸರಸರ. ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಬಡಿತ ತಾಳ ತಪ್ಪುವ ತೊಂದರೆ ಇತ್ತು. ನನ್ನ 76 ನೋಡಲು ಎಷ್ಟು ಚೆನ್ನಾಗಿತ್ತು ಅಲ್ವಾ? ಅಂದಿನಿಂದ ವಯಸ್ಸಾದವರಿಗೆ ಪೂರ್ತಿ 60 ಸೆಕೆಂಡ್.

ಅಪ್ಪನಿಗೆ 74 ವರ್ಷ. 54 ಬಂತು, ತಾಳ ಸರಿಯಾಗಿತ್ತು. "60ಕ್ಕಿಂತ ಕಮ್ಮಿ ಅಲ್ವೇನಮ್ಮಾ?" ಅಂತ ಅವರ ಮುಖ ಸಣ್ಣದಾಯಿತು. ಬಿಪಿಗೆ ಅವರು ತಗೊಳ್ಳೋದು ಅಟೆನೊಲಾಲ್, ಅದು ಬಡಿತವನ್ನು ತಗ್ಗಿಸುವ ಮಾತ್ರೆ. ತಲೆಸುತ್ತಿಲ್ಲ, ಸುಸ್ತಿಲ್ಲ, ಡಾಕ್ಟರಿಗೂ ಗೊತ್ತು. ಹೆದರಿ ಮಾತ್ರೆ ಬಿಡಬೇಡಿ, ತಲೆಸುತ್ತಿದರೆ ತಕ್ಷಣ ಹೇಳಿ ಅಂದೆ. ನನ್ನದು ಸಾಮಾನ್ಯವಾಗಿ 78. ಒಂದು ವರ್ಷ ಸುಮ್ನೆ ಕೂತಿದ್ದರೂ 104 ಇರುತ್ತಿತ್ತು, ಟೆನ್ಶನ್ ಅಂದುಕೊಂಡು ತಿಂಗಳುಗಟ್ಟಲೆ ಓಡಾಡಿದೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು, ರಕ್ತ ಕಮ್ಮಿಯಾಗಿದ್ದಕ್ಕೇ ಹೃದಯ ಓಡುತ್ತಿತ್ತು.

ಈಗ ಅಪ್ಪ ದಿನಾ ಕಾಫಿಗೆ ಮೊದಲು ಎಣಿಸಿ, ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. 54, 55, 53, 54. ಮೊನ್ನೆ ಒಂದು ದಿನ 68 ಇತ್ತು. ಏನಪ್ಪಾ ಇದು ಅಂತ ಕೇಳಿದೆ. ಸ್ವಲ್ಪ ಹೊತ್ತು ಪೇಪರ್ ಮಡಚುತ್ತಾ ಕೂತು, "ಮಾತ್ರೆ ಮುಗಿದು ಎರಡು ದಿನ ಆಯ್ತು ಕಣಮ್ಮ" ಅಂದರು.