ಸಕಲೇಶಪುರದಲ್ಲೊಂದು ಹಾಯಿಹಡಗು: ಹಗ್ಗ ಕಟ್ಟುವ ಮೊದಲಿನ ಕೆಲಸ

ನನ್ನದು ಸಕಲೇಶಪುರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಫೆಬ್ರವರಿ, ಮಾರ್ಚ್ ಬಂದರೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಕಾಫಿ ಹೂವಿಗೆ ನೀರು ಹೊಡೆಯುವ ಕಾಲ ಅದು. ಸ್ಪ್ರಿಂಕ್ಲರ್ ಮೋಟಾರು ಸುಟ್ಟುಹೋಯಿತು ಅಂತ ಎಸ್ಟೇಟ್ ರೈಟರ್‌ಗಳು ರಾತ್ರಿ ಹತ್ತಕ್ಕೂ ಬಂದು ಬಾಗಿಲು ಬಡಿಯುತ್ತಾರೆ. ಜೂನ್ ಹಿಡಿದರೆ ಎಲ್ಲಾ ಉಲ್ಟಾ. ಹೊರಗೆ ಮಳೆ ಸುರಿಯುವಾಗ ನೀರೆತ್ತುವ ಮೋಟಾರು ಯಾರಿಗೆ ಬೇಕು ಹೇಳಿ. ಸುಮ್ನೆ ಕೂತು ಮಳೆ ನೋಡುವ ಬದಲು ನಾನು ಮರದಲ್ಲಿ ಪುಟ್ಟ ಮಾದರಿ ಹಡಗು ಕಟ್ಟುತ್ತೇನೆ. ಇದು ಮೂರನೇ ಮಳೆಗಾಲ, ಹಡಗು ಮಾತ್ರ ಒಂದೇ.

ಹಡಗಿನ ಹೆಸರು ಬೀಗಲ್. ಡಾರ್ವಿನ್ 1831ರಿಂದ 1836ರವರೆಗೆ ಲೋಕ ಸುತ್ತಿದ್ದು ಇದರಲ್ಲೇ. ದುಬೈಯಲ್ಲಿರುವ ಭಾವಮೈದ ಕಿಟ್ ತಂದುಕೊಟ್ಟ, 1:60 ಅಳತೆಯದು. ಅಸಲಿ ಹಡಗು 90 ಅಡಿ ಉದ್ದ, ಹಾಗಾಗಿ ನನ್ನದರ ಒಡಲು ಸುಮಾರು 46 ಸೆಂಟಿಮೀಟರ್. ಸಮುದ್ರ ಇರೋದು ಮಂಗಳೂರಲ್ಲಿ, ಹಡಗು ಇಲ್ಲಿ ಯಾಕೆ ಅಂತ ನಮ್ಮ ಮನೆಯವಳು ಮೊದಲ ದಿನವೇ ಕೇಳಿದಳು. ಶಿರಾಡಿ ಘಾಟಿ ಇಳಿದರೆ ಸಮುದ್ರ ತಾನೇ ಅಂದೆ. "ಮಳೆಗಾಲದಲ್ಲಿ ಘಾಟಿ ತೆಗೆದಿದ್ರೆ ನೋಡೋಣ" ಅಂದಳು.

ಒಡಲು ಕಟ್ಟಿದ ಕಥೆ ಜಾಸ್ತಿ ಹೇಳುವುದಿಲ್ಲ. ನಡುವೆ ಬೆನ್ನೆಲುಬಿನ ಹಾಗೆ ಒಂದು ಪ್ಲೈವುಡ್ ಹಲಗೆ, ಅದಕ್ಕೆ ಪಕ್ಕೆಲುಬಿನ ಹಾಗೆ ಅಡ್ಡ ಹಲಗೆಗಳು, ಅವುಗಳ ಅಂಚನ್ನು ಉಜ್ಜಿ ಉಜ್ಜಿ ಹದಕ್ಕೆ ತಂದ ಮೇಲೆ ಅದರ ಮೇಲೆ ತೆಳು ಪಟ್ಟಿಗಳ ಎರಡು ಪದರ. ಪಟ್ಟಿಯನ್ನು ನೀರಲ್ಲಿ ನೆನೆಸಿ ಬಿಸಿ ಸೋಲ್ಡರಿಂಗ್ ಐರನ್ ಮೇಲೆ ಮೆಲ್ಲಗೆ ಒತ್ತಿದರೆ ಬೇಕಾದ ಹಾಗೆ ಬಗ್ಗುತ್ತದೆ. ಆ ಕೆಲಸ ನನಗೆ ಕಷ್ಟವಾಗಲಿಲ್ಲ, ಐರನ್ ಹಿಡಿದು ಇಪ್ಪತ್ತು ವರ್ಷ ಆಯಿತು. ಎಡವಿದ್ದು ಬೇರೆ ಕಡೆ. ಜುಲೈ ತಿಂಗಳ ಥಂಡಿಯಲ್ಲಿ ಉಬ್ಬಿಕೊಂಡಿದ್ದ ಪಟ್ಟಿಗಳನ್ನು ಹಾಗೇ ಅಂಟಿಸಿಬಿಟ್ಟೆ. ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಜನವರಿ ಬಿಸಿಲಿಗೆ ಪಟ್ಟಿ ಕುಗ್ಗಿ, ಎರಡರ ಮಧ್ಯೆ ಉಗುರು ತೂರುವಷ್ಟು ಸಂದು ಬಿತ್ತು. ಮರದ ಪುಡಿಗೆ ಫೆವಿಕಾಲ್ ಕಲಸಿ ತುಂಬಿದೆ. ಈಗ ಮರವನ್ನು ಒಂದು ವಾರ ಅರವತ್ತು ವಾಟಿನ ಬಲ್ಬ್ ಉರಿಯುವ ಪೆಟ್ಟಿಗೆಯಲ್ಲಿ ಇಟ್ಟೇ ಮುಟ್ಟುತ್ತೇನೆ.

ಎರಡನೇ ಮಳೆಗಾಲದಲ್ಲಿ ಮಾಡಿದ್ದು ದೊಡ್ಡ ಎಡವಟ್ಟು. ಒಡಲು ಆಯಿತು, ಮೂರು ಕೂವೆಮರ, ಅಂದರೆ ಹಾಯಿ ಹೊರುವ ಕಂಬ, ನಿಲ್ಲಿಸಿ ಅಂಟಿಸಿದೆ, ನೋಡಲು ಹಡಗಿನ ಹಾಗೇ ಕಂಡಿತು. ಆಸೆ ತಡೆಯಲಾಗದೆ ಮುಂದಿನ ಕೂವೆಗೆ ಹಗ್ಗ ಕಟ್ಟಲು ಶುರುಮಾಡಿಬಿಟ್ಟೆ. ಬಳಸಿದ್ದು ಹತ್ತಿ ದಾರ. ಆಗಸ್ಟ್‌ನಲ್ಲಿ ತಂತಿ ಹಾಗೆ ಬಿಗಿಯಾಗಿತ್ತು, ಬೆರಳಲ್ಲಿ ಮೀಟಿದರೆ ಟಂಯ್ ಅನ್ನುತ್ತಿತ್ತು. ಫೆಬ್ರವರಿಯಲ್ಲಿ ನೋಡಿದರೆ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತುಬಿದ್ದಿದೆ. ಹುರಿ ಮಾಡಿದ ಹತ್ತಿ ತೇವ ಕುಡಿದರೆ ದಪ್ಪವಾಗಿ ಉದ್ದದಲ್ಲಿ ಕುಗ್ಗುತ್ತದೆ, ಒಣಗಿದರೆ ಸಡಿಲ. ನಾನು ಕುಗ್ಗಿದ ಹಗ್ಗವನ್ನೇ ಅಳತೆಗೆ ಕಟ್ಟಿದ್ದೆ. ಎಲ್ಲಾ ಕತ್ತರಿಸಿ ತೆಗೆದೆ, ಕೂವೆಗಳನ್ನೂ ಕಿತ್ತೆ. ಕಿತ್ತ ಮೇಲೆ ಗೊತ್ತಾಯಿತು, ದಾರ ಒಂದೇ ಅಲ್ಲ, ಅದಕ್ಕೆ ಮುಂಚೆ ಮಾಡಬೇಕಾದ ಹತ್ತು ಕೆಲಸ ಬಿಟ್ಟಿದ್ದೆ ಅಂತ. ಈ ಸಲದ ಮಳೆಗಾಲ ಪೂರ್ತಿ ಆ ಹತ್ತು ಕೆಲಸಕ್ಕೇ ಹೋಯಿತು.

ಮೊದಲನೆಯದು ಚೈನ್‌ಪ್ಲೇಟ್. ಕೂವೆಯನ್ನು ಎರಡೂ ಪಕ್ಕದಿಂದ ಹಿಡಿದು ನಿಲ್ಲಿಸುವ ದಪ್ಪ ಹಗ್ಗಗಳಿಗೆ ಶ್ರೌಡ್ ಅನ್ನುತ್ತಾರೆ. ಅವು ಕೆಳಗೆ ಬಂದು ಮೂರು ತೂತಿನ ಗುಂಡು ಬಿಲ್ಲೆಗೆ ಸೇರುತ್ತವೆ, ಅದು ಡೆಡ್‌ಐ. ಅದರ ಕೆಳಗೆ ಇನ್ನೊಂದು ಬಿಲ್ಲೆ, ಎರಡರ ಮಧ್ಯೆ ಸಣ್ಣ ಹಗ್ಗ ಪೋಣಿಸಿ ಎಳೆದರೆ ಬಿಗಿ. ಕೆಳಗಿನ ಬಿಲ್ಲೆಯನ್ನು ಹಡಗಿನ ಮೈಗೆ ಹಿಡಿದಿಡುವ ಲೋಹದ ಪಟ್ಟಿಯೇ ಚೈನ್‌ಪ್ಲೇಟ್. ನಾನು ಎಲ್ಲವನ್ನೂ ಗುಂಡುಕಲ್ಲು ಇಳಿಬಿಟ್ಟ ಹಾಗೆ ನೆಟ್ಟಗೆ ಹೊಡೆದಿದ್ದೆ. ತಪ್ಪು. ಶ್ರೌಡ್ ಯಾವ ಓರೆಯಲ್ಲಿ ಬರುತ್ತದೋ ಪಟ್ಟಿಯೂ ಅದೇ ಓರೆಯಲ್ಲಿ ಮುಂದುವರಿಯಬೇಕು, ಹಿಂದೆ ಹಿಂದೆ ಹೋದ ಹಾಗೆ ಓರೆ ಜಾಸ್ತಿ ಆಗುತ್ತದೆ. ಇಲ್ಲದಿದ್ದರೆ ಎಳೆತ ಬಿದ್ದ ದಿನ ಬಿಲ್ಲೆ ತಿರುಚಿಕೊಳ್ಳುತ್ತದೆ. ಈ ಸಲ ಕೂವೆಯನ್ನು ಅಂಟಿಸದೆ ಸುಮ್ನೆ ನಿಲ್ಲಿಸಿ, ಅದರ ತಲೆಯಿಂದ ಒಂದು ದಾರ ಎಳೆದು, ಬಿಲ್ಲೆ ಇರುವ ಜಾಗದ ಮೇಲೆ ಹಾಯಿಸಿ, ಮೈ ಮೇಲೆ ದಾರ ಬಿದ್ದ ಕಡೆ ಪೆನ್ಸಿಲ್ ಗೀಟು ಹಾಕಿದೆ. ಒಂದೊಂದಕ್ಕೂ ಬೇರೆ ಗೀಟು. ಹೊಡೆದಿದ್ದನ್ನೆಲ್ಲ ಕಿತ್ತು ಗೀಟಿನ ಮೇಲೆ ಮತ್ತೆ ಹೊಡೆಯಲು ಒಂಬತ್ತು ದಿನ ಬೇಕಾಯಿತು.

ಎರಡನೆಯದು ಐಬೋಲ್ಟ್, ಅಂದರೆ ಡೆಕ್ಕಿನ ಮೇಲೆ ಹಗ್ಗ ಸಿಕ್ಕಿಸುವ ಕೊಂಡಿಗಳು. ಶ್ರೌಡ್ ಒಮ್ಮೆ ಮೇಲೆ ಹೋದರೆ ಕೂವೆಯ ಬುಡಕ್ಕೆ ಬೆರಳು ಹೋಗುವುದೇ ಇಲ್ಲ, ಚಿಮಟ ಕೂಡ ಕಷ್ಟ. ಆದ್ದರಿಂದ ಎಲ್ಲ ಕೊಂಡಿಯೂ ಮೊದಲೇ ಕೂರಬೇಕು. ಇಲ್ಲಿ ನನ್ನ ಅಂಗಡಿ ಉಪಯೋಗಕ್ಕೆ ಬಂತು. ಸುಟ್ಟ ಮೋಟಾರಿನಿಂದ ಬಿಚ್ಚಿದ 25 ಗೇಜ್ ತಾಮ್ರದ ವೈರು ಅರ್ಧ ಮಿಲಿಮೀಟರ್ ದಪ್ಪ, ಕೊಂಡಿಗೆ ಹೇಳಿ ಮಾಡಿಸಿದ್ದು. ಡ್ರಿಲ್ ಬಿಟ್ಟಿನ ಹಿಂಭಾಗಕ್ಕೆ ಒಂದು ಸುತ್ತು ಹಾಕಿ ಬಾಲ ತಿರುಚಿದರೆ ಕೊಂಡಿ ರೆಡಿ. ಬಣ್ಣ ಮಾತ್ರ ಕಪ್ಪಾಗಬೇಕಲ್ಲ, ಅದು ಕಬ್ಬಿಣ ಅಂತ ಲೆಕ್ಕ. ಅದಕ್ಕೆ ಬೇಯಿಸಿದ ಮೊಟ್ಟೆ! ಮೊಟ್ಟೆಯನ್ನು ಬಿಸಿ ಇರುವಾಗಲೇ ಹೋಳು ಮಾಡಿ, ಕೊಂಡಿಗಳ ಜೊತೆ ಡಬ್ಬಿಯಲ್ಲಿ ಮುಚ್ಚಿ ಎರಡು ದಿನ ಇಟ್ಟೆ. ಮೊಟ್ಟೆಯಿಂದ ಬರುವ ಗಂಧಕದ ಗಾಳಿಗೆ ತಾಮ್ರ ಕಪ್ಪಾಗುತ್ತದೆ. ಮೊದಲ ಸಲ ಒಂದೂ ಕಪ್ಪಾಗಲಿಲ್ಲ. ಯಾಕೆಂದರೆ ವೈಂಡಿಂಗ್ ವೈರಿನ ಮೇಲೆ ಎನಾಮೆಲ್ ಇರುತ್ತದೆ, ದಿನಾ ಅದರಲ್ಲೇ ಕೆಲಸ ಮಾಡುವ ನನಗೆ ಅದೇ ಮರೆತುಹೋಗಿತ್ತು. ಎಮರಿ ಪೇಪರಲ್ಲಿ ಉಜ್ಜಿ ತೆಗೆದ ಮೇಲೆ ಸರಿಹೋಯಿತು. ಡಬ್ಬಿ ತೆರೆದ ದಿನ ಅಂಗಡಿಗೆ ಬಂದ ಗಿರಾಕಿ ಏನು ಸತ್ತಿದೆ ಅಂತ ಕೇಳಿದ, ಅದನ್ನೂ ಹೇಳಬೇಕು.

ಕೊಂಡಿಯ ಜೊತೆಗೇ ಹಗ್ಗ ಸುತ್ತುವ ಪಿನ್ನುಗಳ ಪಟ್ಟಿ. ಹಡಗಿನ ಒಳಗೋಡೆಗೆ ಅದನ್ನು ಬರೀ ಫೆವಿಕಾಲ್‌ನಲ್ಲಿ ಅಂಟಿಸಿದ್ದೆ. ಹಗ್ಗವೆಲ್ಲ ಅದನ್ನು ಮೇಲಕ್ಕೆ ಎಳೆಯುತ್ತದೆ, ಎಲ್ಲಾ ಸೇರಿದರೆ ಸಾಮಾನ್ಯ ಬಲ ಅಲ್ಲ. ಹೋದ ಸಲ ನಾಲ್ಕನೇ ಹಗ್ಗಕ್ಕೇ ಪಟ್ಟಿ ಕಿತ್ತು ಬಂದಿತ್ತು. ಈಗ ಹಿಂದಿನಿಂದ ತೂತು ಹೊಡೆದು ವೈರಿನ ತುಂಡು ತೂರಿಸಿ, ಆಮೇಲೆ ಅಂಟು ಹಾಕಿದ್ದೇನೆ. ಒಂದು ಪಿನ್ನಿಗೆ ಮುಕ್ಕಾಲು ಕೇಜಿ ತೂಕ ನೇತುಹಾಕಿ ಒಂದು ರಾತ್ರಿ ಬಿಟ್ಟೆ, ಅಲ್ಲಾಡಲಿಲ್ಲ.

ಇನ್ನು ಹಗ್ಗ. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಕೆಲಸ ಇದು. ಕಿಟ್‌ನಲ್ಲಿ ಬಂದ ದಾರ ನೋಡಲು ಹೊಲಿಗೆ ದಾರ, ಹಗ್ಗ ಅಲ್ಲ. ಹಗ್ಗ ಅಂದರೆ ಹುರಿ ಕಾಣಬೇಕು. ಅರಸೀಕೆರೆ ಕಡೆಯ ನಮ್ಮ ಅಜ್ಜ ತೆಂಗಿನ ನಾರಲ್ಲಿ ಹಗ್ಗ ಹೊಸೆಯುವಾಗ ನಾನು ಒಂದು ತುದಿ ಹಿಡಿದು ನಿಲ್ಲುತ್ತಿದ್ದೆ. ಮೂರು ಎಳೆಯನ್ನು ಬೇರೆ ಬೇರೆಯಾಗಿ ಒಂದೇ ಕಡೆಗೆ ತಿರುವಿ, ಆಮೇಲೆ ಮೂರನ್ನೂ ಸೇರಿಸಿ ಉಲ್ಟಾ ಕಡೆಗೆ ತಿರುವಬೇಕು. ಎಳೆ ಬಿಚ್ಚಿಕೊಳ್ಳಲು ನೋಡುತ್ತದೆ, ಹಗ್ಗ ಬಿಡುವುದಿಲ್ಲ, ಆ ಜಗಳದಲ್ಲೇ ಹಗ್ಗ ನಿಲ್ಲುವುದು. ನಡುವೆ ಮೂರು ಗೀರು ಇರುವ ಮರದ ತುಂಡು ಹಿಡಿದುಕೊಂಡು ಅಜ್ಜ ಹಿಂದೆ ಹಿಂದೆ ನಡೆಯುತ್ತಿದ್ದರು, ಅವರು ಬಿಟ್ಟ ಕಡೆ ಹಗ್ಗ ಆಗುತ್ತಾ ಬರುತ್ತಿತ್ತು. ಇಂಗ್ಲೆಂಡಿನ ಹಡಗುಕಟ್ಟೆಗಳಲ್ಲೂ ಇದೇ ರೀತಿ, ಏನೂ ಬೇರೆ ಇಲ್ಲ. ಅವರದು ಕಾಲು ಮೈಲಿ ಉದ್ದದ ಶೆಡ್ಡು, ನಮ್ಮದು ತೋಟದ ಬದು.

ನಾನು ಹಳೇ ಪ್ರಿಂಟರಿನ ಹಲ್ಲುಚಕ್ರ ಬಿಚ್ಚಿ, ನಡುವೆ ಒಂದು, ಸುತ್ತ ಮೂರು ಇಟ್ಟು, ಮೂರಕ್ಕೂ ಒಂದೊಂದು ಕೊಕ್ಕೆ ಹಾಕಿದೆ. ನಡುವಿನದನ್ನು ಕಾಯಿಲ್ ಸುತ್ತುವ ಕೈಮಿಷನ್ನಿಗೆ ಜೋಡಿಸಿದೆ. ಆ ಮಿಷನ್ನಿನಲ್ಲಿ ಸುತ್ತು ಎಣಿಸುವ ಮೀಟರು ಇರುವುದರಿಂದ ಪ್ರತಿ ಹಗ್ಗಕ್ಕೂ ಒಂದೇ ಲೆಕ್ಕ, ಇವತ್ತು ಮಾಡಿದ್ದೂ ನಾಳೆ ಮಾಡಿದ್ದೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುವುದಿಲ್ಲ. ಈ ಸಲ ಪಾಲಿಯೆಸ್ಟರ್ ದಾರ, ಮಳೆಗೂ ಬಿಸಿಲಿಗೂ ಅದು ಅಷ್ಟಾಗಿ ಕೇರ್ ಮಾಡುವುದಿಲ್ಲ. ಮೂರು ಮೀಟರ್ ಎಳೆ ಹಾಕಿದರೆ ನನಗೆ ಎರಡು ಮೀಟರ್ ಚಿಲ್ಲರೆ ಹಗ್ಗ ಸಿಗುತ್ತದೆ, ಉಳಿದದ್ದು ಹುರಿಯಲ್ಲೇ ಹೋಗುತ್ತದೆ. ಕೂವೆಯನ್ನು ಹಿಡಿದಿಡುವ ಹಗ್ಗಕ್ಕೆ ಕಪ್ಪು ದಾರ, ಯಾಕೆಂದರೆ ಅವಕ್ಕೆ ಟಾರು ಬಳಿಯುತ್ತಿದ್ದರು. ಹಾಯಿ ಎಳೆಯುವ, ಇಳಿಸುವ ಹಗ್ಗಕ್ಕೆ ತಿಳಿಕಂದು. ಕೊನೆಗೆ ಜೇನುಮೇಣದ ಉಂಡೆಯಲ್ಲಿ ಒಂದು ಸಲ ಎಳೆದರೆ ಮೇಲೆದ್ದ ಜುಂಗು ಕೂರುತ್ತದೆ. ಮೇಣ ಜಾಸ್ತಿ ಹಚ್ಚಬೇಡಿ, ಧೂಳೆಲ್ಲ ಅದಕ್ಕೇ.

ದಪ್ಪದ ವಿಷಯದಲ್ಲಿ ಒಂದು ಮಾತು. ಹಳೇ ಹಡಗಿನ ಪಟ್ಟಿಯಲ್ಲಿ 6 ಇಂಚಿನ ಹಗ್ಗ ಅಂತ ಇದ್ದರೆ ಅದು ಅಡ್ಡಳತೆ ಅಲ್ಲ, ಸುತ್ತಳತೆ. 3.14ರಿಂದ ಭಾಗಿಸಿದರೆ 2 ಇಂಚಿಗೆ ಸ್ವಲ್ಪ ಕಡಿಮೆ, ಅದನ್ನು 60ರಿಂದ ಭಾಗಿಸಿದರೆ 0.8 ಮಿಲಿಮೀಟರ್. ಇದು ಗೊತ್ತಿಲ್ಲದೆ ಮೊದಲು ಎರಡೂವರೆ ಮಿಲಿಮೀಟರ್ ಹಗ್ಗ ಹೊಸೆದಿದ್ದೆ, ಅದರಲ್ಲಿ ಎಮ್ಮೆ ಕಟ್ಟಬಹುದಿತ್ತು. ಅಳೆಯಲು ಮೈಕ್ರೋಮೀಟರ್ ಹಿಡಿದರೆ ದಾರ ಚಪ್ಪಟೆಯಾಗಿ ಸುಳ್ಳು ಲೆಕ್ಕ ಬರುತ್ತದೆ. ಪೆನ್ಸಿಲ್ ಮೇಲೆ ಒತ್ತೊತ್ತಾಗಿ ಇಪ್ಪತ್ತು ಸುತ್ತು ಸುತ್ತಿ, ಸ್ಕೇಲ್ ಇಟ್ಟು ಅಳೆದು, ಇಪ್ಪತ್ತರಿಂದ ಭಾಗಿಸಿ. 16 ಮಿಲಿಮೀಟರ್ ಬಂದರೆ 0.8, ಅಷ್ಟೇ.

ಹಗ್ಗ ಹಾಯುವ ರಾಟೆ, ಅದೇ ಬ್ಲಾಕ್. ಕಿಟ್‌ನವು ಸಕ್ಕರೆ ಅಚ್ಚಿನ ಹಾಗೆ ಚೂಪು ಮೂಲೆಯವು. ನಾನು ಕಾಫಿ ಮರದಲ್ಲಿ ಮಾಡಿದೆ. ಬೋರರ್ ಬಿದ್ದ ಅರೇಬಿಕಾ ಗಿಡಗಳನ್ನು ತೋಟದಲ್ಲಿ ಕಿತ್ತು ಸುಡುತ್ತಾರಲ್ಲ, ಅದರಲ್ಲಿ ಹುಳ ಕೊರೆಯದ ತುಂಡು ಆರಿಸಿ ತಂದೆ. ಬಿಳಿಮರ, ಗಟ್ಟಿ, ಎಳೆ ಬಹಳ ಸಣ್ಣದು, ಅರ್ಧ ಮಿಲಿಮೀಟರ್ ತೂತು ಹೊಡೆದರೂ ಸೀಳುವುದಿಲ್ಲ. ತುದಿಗೆ ಮೇಣ ಬಳಿದು ನೆರಳಲ್ಲಿ ಒಣಗಿಸಬೇಕು, ಇಲ್ಲದಿದ್ದರೆ ಬಿರುಕು. ಮೊದಲು ತೂತು, ಆಮೇಲೆ ಗೀರು, ಕೊನೆಗೆ ಕತ್ತರಿಸುವುದು. ಕತ್ತರಿಸಿದ್ದನ್ನೆಲ್ಲ ಒಳಗೆ ಎಮರಿ ಪೇಪರ್ ಅಂಟಿಸಿದ ಡಬ್ಬಿಗೆ ಹಾಕಿ ಅರ್ಧ ಗಂಟೆ ತಿರುಗಿಸಿದರೆ ಮೂಲೆಗಳು ತಾವಾಗಿ ಗುಂಡಗಾಗುತ್ತವೆ.

ಕೂವೆಗೆ ಪಕ್ಕದ ಆಚಾರ್ರ ಹತ್ತಿರ ನೇರ ಎಳೆಯ ತೇಗದ ರೀಪು ಕೇಳಿದೆ. ನಾನು ಡ್ರಿಲ್ಲಿಗೆ ಸಿಕ್ಕಿಸಿ ಉಜ್ಜುವುದನ್ನು ನೋಡಿ, "ಹಂಗಲ್ಲ ಸ್ವಾಮಿ, ನಾಕ್ ಮೂಲೆ ಎಂಟ್ ಮಾಡಿ, ಎಂಟು ಹದಿನಾರು ಮಾಡಿ, ಆಮೇಲೆ ಉಜ್ಜಿ" ಅಂದರು. ಹಡಗಿನವರೂ ಹಾಗೇ ಮಾಡುತ್ತಿದ್ದರು. ತೇಗದಲ್ಲಿ ಹಡಗು ಮಾಡ್ತಿದ್ರಾ ಅಂತ ಕೇಳಿದ್ದಕ್ಕೆ ಟ್ರಿಂಕೋಮಲಿ ಹಡಗಿನ ಫೋಟೋ ತೋರಿಸಿದೆ. ಮುಂಬೈಯಲ್ಲಿ ವಾಡಿಯಾ ಮನೆತನದ ಜಮ್‌ಶೆಟ್‌ಜಿ ಬೊಮನ್‌ಜಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ತೇಗದ ಹಡಗು ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಆಚಾರ್ರು ಫೋಟೋ ದೊಡ್ಡದು ಮಾಡಿ ಜಾಯಿಂಟುಗಳನ್ನೇ ನೋಡುತ್ತಾ ನಿಂತರು, ರೀಪಿನ ದುಡ್ಡು ತಗೊಳ್ಳಲಿಲ್ಲ.

ಕೂವೆಗೆ ಅಡ್ಡಲಾಗಿ ಹಾಯಿ ಹಿಡಿಯುವ ಅಡ್ಡಕೋಲುಗಳನ್ನು ಮೇಲೆ ಏರಿಸುವ ಮೊದಲೇ ಅವುಗಳ ರಾಟೆ, ನಾವಿಕರು ಕಾಲಿಡುವ ಹಗ್ಗ ಎಲ್ಲವನ್ನೂ ಟೇಬಲ್ ಮೇಲೆಯೇ ಕಟ್ಟಿ ಮುಗಿಸಿದೆ. ಬೀಗಲ್ 1820ರಲ್ಲಿ ನೀರಿಗಿಳಿದಾಗ ಎರಡೇ ಕೂವೆ. ಆಮೇಲೆ ಸೇರಿಸಿದ ಮೂರನೆಯದಕ್ಕೆ ಅಡ್ಡಕೋಲು ಇಲ್ಲ, ಅಷ್ಟು ಕೆಲಸ ಉಳಿಯಿತು. ಯಾವ ಹಗ್ಗ ಯಾವ ಪಿನ್ನಿಗೆ ಅಂತ ಒಂದು ಚಾರ್ಟ್ ಬರೆದು ಗೋಡೆಗೆ ಅಂಟಿಸಿದ್ದೇನೆ, ಒಳಗಿನ ಹಗ್ಗ ಮೊದಲು, ಹೊರಗಿನದು ಆಮೇಲೆ. ವೈಂಡಿಂಗ್ ಡಯಾಗ್ರಾಂ ಬರೆದು ರೂಢಿ ಇದ್ದವರಿಗೆ ಇದು ಸಲೀಸು. ಬಿಡುವಾದಾಗ ಎರಡು ಮೊಳೆಯ ಮಧ್ಯೆ ದಾರ ಸುತ್ತಿ, ಪಿನ್ನಿಗೆ ನೇತುಹಾಕುವ ಸುರುಳಿಗಳನ್ನೂ ಮಾಡಿಟ್ಟಿದ್ದೇನೆ, ನಲವತ್ತು ಆಗಿವೆ.

ಎಲ್ಲಾ ಆದ ಮೇಲೆ ಹೋದ ಭಾನುವಾರ ಮೊದಲ ಶ್ರೌಡ್ ಹಾಕಿದೆ. ಶ್ರೌಡ್ ಜೋಡಿಯಾಗಿ ಹೋಗುತ್ತವೆ. ಒಂದೇ ಹಗ್ಗ ಕೂವೆಯ ತಲೆ ಬಳಸಿ ಬಂದು ಎರಡು ಕಾಲಾಗುತ್ತದೆ. ಬಲಗಡೆ ಮುಂದಿನ ಜೋಡಿ ಮೊದಲು, ಆಮೇಲೆ ಎಡಗಡೆ ಮುಂದಿನದು, ಹೀಗೆ ಆ ಕಡೆ ಈ ಕಡೆ. ಮೇಲಿನ ಬಿಲ್ಲೆಗಳೆಲ್ಲ ಒಂದೇ ಎತ್ತರದಲ್ಲಿ ನಿಲ್ಲಲಿ ಅಂತ ವೈರನ್ನು ಸ್ಟೇಪಲ್ ಪಿನ್ನಿನ ಆಕಾರಕ್ಕೆ ಬಗ್ಗಿಸಿ, ಮೇಲಿನ ಬಿಲ್ಲೆಗೊಂದು ತುದಿ, ಕೆಳಗಿನದಕ್ಕೊಂದು ತುದಿ ಸಿಕ್ಕಿಸಿ ಕಟ್ಟಿದೆ. ಎಳೆದ ಮೇಲೆ ಚೈನ್‌ಪ್ಲೇಟೂ ಶ್ರೌಡೂ ಒಂದೇ ಗೀಟಿನಲ್ಲಿ ನಿಂತವು. ಮನೆಯವಳನ್ನು ಕರೆದು ತೋರಿಸಿದೆ. "ಕಂಬ ಬಲಕ್ಕೆ ವಾಲಿದೆಯಲ್ರೀ" ಅಂದಳು. ವಾಲಿತ್ತು. ಎಡಗಡೆ ಜೋಡಿ ಹಾಕಿದರೆ ಸರಿಯಾಗುತ್ತದೆ ಅನ್ನುವಷ್ಟರಲ್ಲಿ ಹಾನುಬಾಳು ಕಡೆಯಿಂದ ಏಳೂವರೆ ಎಚ್‌ಪಿ ಮೋಟಾರು ಬಂತು, ಈ ವರ್ಷದ ಮೊದಲನೆಯದು. ಸದ್ಯಕ್ಕೆ ಎಡಗಡೆಗೆ ಒಂದು ಹೊಲಿಗೆ ದಾರ ಕಟ್ಟಿ, ಹಡಗಿನ ಮೇಲೆ ಹಳೇ ಸೊಳ್ಳೆಪರದೆ ಮುಚ್ಚಿದ್ದೇನೆ.