ಕಾಫಿ ಕಪ್ಪಿಂಗ್ ಅಂಕಗಳಿಗೆ ರೇಡಾರ್ ಚಾರ್ಟ್: ಎಕ್ಸೆಲ್‌ನಲ್ಲಿ ರಚಿಸುವ ಮತ್ತು ತಿದ್ದುವ ಕ್ರಮ

ಒಂದೇ ತೋಟದ ಎಸ್.795 ಅರೇಬಿಕಾ ಹಣ್ಣಿನಲ್ಲಿ ಅರ್ಧವನ್ನು ಪಲ್ಪ್ ಮಾಡಿ ತೊಳೆದು ಪಾರ್ಚ್‌ಮೆಂಟ್ ಮಾಡಿದ್ದೀರಿ, ಉಳಿದರ್ಧವನ್ನು ಇಡಿಯಾಗಿ ಕಣದಲ್ಲಿ ಒಣಗಿಸಿ ಚೆರಿ ಮಾಡಿದ್ದೀರಿ ಎಂದಿಟ್ಟುಕೊಳ್ಳೋಣ. ಎರಡನ್ನೂ ಕಪ್ಪಿಂಗ್ ಮಾಡಿ, ಅಂದರೆ ಕ್ರಮಬದ್ಧವಾಗಿ ರುಚಿ ನೋಡಿ, ಆರು ಗುಣಗಳಿಗೆ ಅಂಕ ಹಾಕಿದಾಗ ಎರಡರ ಮೊತ್ತವೂ 45 ಬಂದಿದೆ. ಮೊತ್ತವನ್ನಷ್ಟೇ ಓದುವವರಿಗೆ ಇವು ಒಂದೇ ಕಾಫಿ. ಬಟ್ಟಲನ್ನು ಬಾಯಿಗಿಟ್ಟವರಿಗೆ ಒಂದರಲ್ಲಿ ಚುರುಕಾದ ಹುಳಿ, ಇನ್ನೊಂದರಲ್ಲಿ ನಾಲಿಗೆಯ ಮೇಲೆ ಕೂರುವ ದಟ್ಟತೆ. ಪ್ರತಿ ಗುಣಕ್ಕೂ ಕೇಂದ್ರದಿಂದ ಹೊರಡುವ ಒಂದು ಅಕ್ಷವಿಟ್ಟು, ಅವುಗಳ ಮೇಲಿನ ಅಂಕಗಳನ್ನು ಗೆರೆಯಿಂದ ಸೇರಿಸಿ, ಈ ವ್ಯತ್ಯಾಸವನ್ನು ಆಕಾರವಾಗಿ ಕಣ್ಣಿಗೆ ಕಾಣಿಸುವುದೇ ರೇಡಾರ್ ಚಾರ್ಟಿನ ಕೆಲಸ. ಮುಂದೆ ಹೇಳುವ ಪ್ರತಿಯೊಂದು ತಿದ್ದುಪಡಿಯೂ ಆ ಆಕಾರ ಸುಳ್ಳು ಹೇಳದಂತೆ ನೋಡಿಕೊಳ್ಳುವುದಕ್ಕಾಗಿಯೇ ಇದೆ.

ಚಾರ್ಟಿಗೆ ಕೈ ಹಾಕುವ ಮೊದಲು ಯಾವ ಅಂಕಗಳನ್ನು ಅದರಲ್ಲಿ ತೋರಿಸಬೇಕೆಂದು ತೀರ್ಮಾನಿಸಿರಿ. ಬಹಳ ಕಡೆ ಬಳಕೆಯಲ್ಲಿರುವ, ಸ್ಪೆಷಾಲ್ಟಿ ಕಾಫಿ ಸಂಘದ (ಎಸ್‌ಸಿಎ) 2004ರ ಕಪ್ಪಿಂಗ್ ಫಾರ್ಮಿನಲ್ಲಿ, ಅಂದರೆ ಅಂಕ ಬರೆಯುವ ನಮೂನೆಯಲ್ಲಿ, ತಲಾ 10 ಅಂಕಗಳ ಹತ್ತು ಶೀರ್ಷಿಕೆಗಳಿವೆ. ಅವುಗಳಲ್ಲಿ ಏಕರೂಪತೆ, ಶುದ್ಧ ಬಟ್ಟಲು ಮತ್ತು ಸಿಹಿ ಎಂಬ ಮೂರಕ್ಕೆ ಐದು ಬಟ್ಟಲುಗಳಿಗೆ ತಲಾ ಎರಡರಂತೆ ಅಂಕ ಕೊಡುವುದರಿಂದ, ದೋಷವಿಲ್ಲದ ಕಾಫಿಗೆ ಮೂರರಲ್ಲೂ ಪೂರ್ತಿ 10 ಸಿಗುತ್ತದೆ. ಇವನ್ನು ಸೇರಿಸಿದರೆ ಎಲ್ಲ ಮಾದರಿಗಳ ಚಿತ್ರವೂ ಒಂದೇ ದಿಕ್ಕಿಗೆ ಉಬ್ಬಿಕೊಂಡು, ನೋಡಬೇಕಾದ ಭಾಗ ಮೂಲೆಗೆ ಸರಿಯುತ್ತದೆ. ರುಚಿಗಾರರ ಸ್ವಂತ ಅಭಿಪ್ರಾಯಕ್ಕೆ ಮೀಸಲಾದ ಒಟ್ಟಾರೆ ಅಂಕವನ್ನೂ ನಾನು ಕೈಬಿಡುತ್ತೇನೆ. ಉಳಿಯುವ ಗುಣಗಳು ಆರು: ಪರಿಮಳ, ರುಚಿ, ಉಳಿರುಚಿ (ಕುಡಿದ ಮೇಲೂ ಬಾಯಲ್ಲಿ ಉಳಿಯುವ ರುಚಿ), ಹುಳಿ, ದಟ್ಟತೆ ಮತ್ತು ಸಮತೋಲನ. ಆರು ಮೂಲೆಗಳ ಚಿತ್ರವನ್ನು ಕಣ್ಣು ಸಲೀಸಾಗಿ ಗ್ರಹಿಸುತ್ತದೆ. ಎಂಟಕ್ಕಿಂತ ಹೆಚ್ಚಾದರೆ ಅದು ಬರಿಯ ವೃತ್ತದಂತೆ ಕಾಣತೊಡಗುತ್ತದೆ.

ಹಾಳೆಯಲ್ಲಿ ಎ1 ಕೋಶವನ್ನು ಖಾಲಿ ಬಿಟ್ಟು, ಎ2ರಿಂದ ಎ7ರವರೆಗೆ ಆರು ಗುಣಗಳ ಹೆಸರುಗಳನ್ನು ಬರೆಯಿರಿ. ಬಿ1ರಲ್ಲಿ ಪಾರ್ಚ್‌ಮೆಂಟ್, ಸಿ1ರಲ್ಲಿ ಚೆರಿ ಎಂದು ಬರೆದು, ಮೊದಲನೆಯದರ ಕೆಳಗೆ ಕ್ರಮವಾಗಿ 7.75, 7.5, 7.25, 7.75, 7.25, 7.5 ಎಂದೂ, ಎರಡನೆಯದರ ಕೆಳಗೆ 7.75, 7.5, 7.5, 7, 8, 7.25 ಎಂದೂ ತುಂಬಿರಿ. ಇಡೀ ಕೋಷ್ಟಕವನ್ನು ಆಯ್ದುಕೊಂಡು ಇನ್ಸರ್ಟ್ ಟ್ಯಾಬಿನ ಚಾರ್ಟ್ ಗುಂಪಿನಲ್ಲಿ ವಾಟರ್‌ಫಾಲ್, ಸ್ಟಾಕ್ ಮುಂತಾದವುಗಳ ಜೊತೆಗಿರುವ ರೇಡಾರ್ ವಿಭಾಗಕ್ಕೆ ಹೋದರೆ ಮೂರು ಬಗೆಗಳು ಕಾಣುತ್ತವೆ: ಬರಿಯ ಗೆರೆ, ಚುಕ್ಕಿಗಳಿರುವ ಗೆರೆ ಮತ್ತು ಬಣ್ಣ ತುಂಬಿದ್ದು. ಎರಡನೆಯದನ್ನು ಆರಿಸಿರಿ. ಗುಣಗಳ ಬದಲು ಮಾದರಿಗಳ ಹೆಸರುಗಳೇ ಮೂಲೆಗಳಲ್ಲಿ ಬಂದು ಕುಳಿತಿದ್ದರೆ, ಚಾರ್ಟ್ ಡಿಸೈನ್ ಟ್ಯಾಬಿನಲ್ಲಿರುವ ಸ್ವಿಚ್ ರೋ/ಕಾಲಮ್ ಒತ್ತಿದರೆ ಸರಿಹೋಗುತ್ತದೆ.

ಈಗ ಅಕ್ಷದ ವಿಷಯ. ಹೆಚ್ಚಿನ ಚಾರ್ಟುಗಳು ಕೆಡುವುದು ಇಲ್ಲಿಯೇ. ಅಕ್ಷವನ್ನು ಎಕ್ಸೆಲ್‌ಗೇ ಬಿಟ್ಟರೆ ಅದು ದತ್ತಾಂಶ ನೋಡಿಕೊಂಡು ತನಗೆ ತೋಚಿದ ಕನಿಷ್ಠ, ಗರಿಷ್ಠಗಳನ್ನು ಇಟ್ಟುಕೊಳ್ಳುತ್ತದೆ. ಒಂದು ಅಂಕ ತಿದ್ದಿದರೂ ಅಳತೆ ಬದಲಾಗಬಹುದು. ಆದ್ದರಿಂದ ಅಕ್ಷದ ಮೇಲಿನ ಅಂಕಿಯೊಂದನ್ನು ಎರಡು ಸಲ ಕ್ಲಿಕ್ ಮಾಡಿ, ತೆರೆದುಕೊಳ್ಳುವ ಫಾರ್ಮ್ಯಾಟ್ ಆಕ್ಸಿಸ್ ಫಲಕದಲ್ಲಿ ಕನಿಷ್ಠ, ಗರಿಷ್ಠ ಮತ್ತು ಮೇಜರ್ ಯೂನಿಟ್ (ಜಾಲದ ಗೆರೆಗಳ ನಡುವಿನ ಅಂತರ) ಮೂರನ್ನೂ ನೀವೇ ನಮೂದಿಸಿರಿ. ಸೊನ್ನೆಯಿಂದ ಆರಂಭಿಸಬೇಕೆಂಬುದು ಸಾಮಾನ್ಯ ನಿಯಮವಾದರೂ ಕಪ್ಪಿಂಗ್‌ಗೆ ಅದು ಒಗ್ಗುವುದಿಲ್ಲ, ಏಕೆಂದರೆ ಆ ಫಾರ್ಮಿನ ಗುಣಮಟ್ಟದ ಮಾಪಕ ಆರಂಭವಾಗುವುದೇ 6ರಿಂದ, ಅದೂ ಕಾಲು ಕಾಲು ಅಂಕದ ಹೆಜ್ಜೆಯಲ್ಲಿ. ಸೊನ್ನೆಯಿಂದ ಎಳೆದರೆ ಎರಡು ಮಾದರಿಗಳೂ ಒಂದರ ಮೇಲೊಂದು ಕೂತ ಷಡ್ಭುಜಗಳಾಗಿ ಕಾಣುತ್ತವೆ. ಕನಿಷ್ಠ 6, ಗರಿಷ್ಠ 9, ಮೇಜರ್ ಯೂನಿಟ್ 0.5 ಎಂದು ಇಟ್ಟೊಡನೆ ಪಾರ್ಚ್‌ಮೆಂಟ್ ಹುಳಿಯ ಕಡೆಗೂ ಚೆರಿ ದಟ್ಟತೆಯ ಕಡೆಗೂ ಚಾಚಿಕೊಳ್ಳುತ್ತವೆ. ಆದರೆ ಇದಕ್ಕೊಂದು ಬೆಲೆ ಇದೆ: ದಟ್ಟತೆಯ 7.25 ಮತ್ತು 8ರ ನಡುವಿನ ಅಂತರ ಚಿತ್ರದಲ್ಲಿ 1.25 ಮತ್ತು 2ರ ಅಂತರವಾಗಿ, ವಾಸ್ತವಕ್ಕಿಂತ ಬಹಳ ಹಿಗ್ಗಿ ಕಾಣುತ್ತದೆ. ಹೀಗಾಗಿ ಅಕ್ಷ 6ರಿಂದ ಆರಂಭವಾಗುತ್ತದೆ ಎಂಬ ಮಾತನ್ನು ಚಾರ್ಟಿನ ಶೀರ್ಷಿಕೆಯಲ್ಲೇ ಬರೆಯುವುದು ಓದುಗರಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಮರ್ಯಾದೆ.

ಮೂಲೆಗಳ ಕ್ರಮವೂ ಚಿತ್ರವನ್ನು ಬದಲಿಸುತ್ತದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ನಾಲ್ಕೇ ಮೂಲೆಗಳಿಗೆ, ಸೊನ್ನೆಯಿಂದ ಆರಂಭವಾಗುವ ಅಕ್ಷದಲ್ಲಿ, 10, 10, 2, 2 ಎಂದು ಬೆಲೆ ಕೊಟ್ಟು ನೋಡಿರಿ. ಆಕೃತಿಯ ವಿಸ್ತೀರ್ಣ 72 ಚದರ ಮಾನ ಬರುತ್ತದೆ. ಅದೇ ಬೆಲೆಗಳನ್ನು 10, 2, 10, 2 ಎಂದು ಜೋಡಿಸಿದರೆ ವಿಸ್ತೀರ್ಣ 40ಕ್ಕೆ ಇಳಿಯುತ್ತದೆ. ಅಂಕಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಿದ್ದರೂ ಒಂದು ಚಿತ್ರ ಇನ್ನೊಂದಕ್ಕಿಂತ ಸುಮಾರು ಎರಡು ಪಟ್ಟು ದೊಡ್ಡದಾಯಿತು. ಆದುದರಿಂದ ದೊಡ್ಡ ಆಕೃತಿಯೇ ಒಳ್ಳೆಯ ಕಾಫಿ ಎಂದು ಓದುವಂತೆ ಚಾರ್ಟನ್ನು ಎಂದೂ ಮುಂದಿಡಬಾರದು. ಗುಣಗಳ ಕ್ರಮವನ್ನು ಒಮ್ಮೆ ನಿಶ್ಚಯಿಸಿಕೊಂಡು ವರ್ಷದಿಂದ ವರ್ಷಕ್ಕೆ ಅದನ್ನೇ ಉಳಿಸಿಕೊಳ್ಳಿರಿ.

ಕೇಂದ್ರದಿಂದ ಮೂಲೆಗಳಿಗೆ ಹೋಗುವ ಅರಗೆರೆಗಳು ಎಕ್ಸೆಲ್‌ನಲ್ಲಿ ಕೆಲವೊಮ್ಮೆ ಕಾಣುವುದೇ ಇಲ್ಲ. ಅಕ್ಷವನ್ನು ಆಯ್ದುಕೊಂಡು, ಫಿಲ್ ಆಂಡ್ ಲೈನ್ ವಿಭಾಗದಲ್ಲಿ ಸಾಲಿಡ್ ಲೈನ್ ಆರಿಸಿ ತಿಳಿಬೂದು ಬಣ್ಣ ಕೊಟ್ಟರೆ ಅವು ಮೂಡುತ್ತವೆ. ಅಂಕಿಗಳು ಗೆರೆಗಳಿಗೆ ಅಡ್ಡಬರುತ್ತಿದ್ದರೆ ಅಕ್ಷವನ್ನೇ ಅಳಿಸಿಬಿಡುವ ಬದಲು ಲೇಬಲ್ ಪೊಸಿಷನ್ ಅನ್ನು ನನ್ (None) ಎಂದು ಬದಲಿಸಿರಿ. ಜಾಲದ ಗೆರೆಗಳು ಮಸುಕಾಗಿಯೂ ಮಾದರಿಗಳ ಗೆರೆಗಳು ಎದ್ದು ಕಾಣುವಂತೆಯೂ ಇರಲಿ; ಕಪ್ಪುಬಿಳುಪಿನಲ್ಲಿ ಮುದ್ರಿಸುವುದಾದರೆ ಒಂದನ್ನು ತುಂಬುಗೆರೆಯಾಗಿಯೂ ಇನ್ನೊಂದನ್ನು ತುಂಡುಗೆರೆಯಾಗಿಯೂ ಎಳೆಯಿರಿ. ಬಣ್ಣ ತುಂಬಿದ ಬಗೆಯಲ್ಲಿ ಮೇಲಿನ ಆಕೃತಿ ಕೆಳಗಿನದನ್ನು ಮುಚ್ಚಿಬಿಡುವುದರಿಂದ ಅದನ್ನು ಒಂದೇ ಮಾದರಿ ಇರುವಾಗ ಬಳಸುವುದು ಒಳಿತು. ಎರಡು ಬೇಕೇಬೇಕೆಂದರೆ ಟ್ರಾನ್ಸ್‌ಪರೆನ್ಸಿಯನ್ನು 70 ಪ್ರತಿಶತದ ಆಸುಪಾಸಿಗೆ ಏರಿಸಿರಿ. ಈ ಆಯ್ಕೆ ಲೈನ್‌ನ ಕೆಳಗೆ ಸಿಗದೆ ಪಕ್ಕದ ಮಾರ್ಕರ್ ಭಾಗದ ಫಿಲ್‌ನಲ್ಲಿ ಅಡಗಿರುತ್ತದೆ.

ಕನ್ನಡದ ಲೇಬಲ್‌ಗಳಿಗೆ ನಿರ್ಮಲಾ ಯುಐ ಅಥವಾ ನೋಟೋ ಸಾನ್ಸ್ ಕನ್ನಡ ಫಾಂಟ್ ಆರಿಸಿದರೆ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆ. ಹೆಸರು ಉದ್ದವಾದಷ್ಟೂ ಚಾರ್ಟ್ ಕುಗ್ಗುತ್ತದೆ. ಕೋಶದೊಳಗೆ ಆಲ್ಟ್ ಮತ್ತು ಎಂಟರ್ ಒಟ್ಟಿಗೆ ಒತ್ತಿ ಹೆಸರನ್ನು ಎರಡು ಸಾಲಾಗಿ ಒಡೆಯಬಹುದು.

ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಇದೇ ಚಾರ್ಟಿಗೆ ನೆಟ್ ಎಂಬ ಹೆಸರಿದೆ. ಅಲ್ಲಿ ಮೊದಲು ಚಾರ್ಟನ್ನೂ ಆಮೇಲೆ ಅಕ್ಷವನ್ನೂ ಎರಡೆರಡು ಸಲ ಕ್ಲಿಕ್ ಮಾಡಿ, ಸ್ಕೇಲ್ ಟ್ಯಾಬಿನಲ್ಲಿ ಆಟೊಮ್ಯಾಟಿಕ್ ಗುರುತನ್ನು ತೆಗೆದು ಅಂಕಿ ತುಂಬಬೇಕು. ಗೂಗಲ್ ಶೀಟ್ಸ್‌ನಲ್ಲಿ ಚಾರ್ಟ್ ಎಡಿಟರ್‌ನ ಚಾರ್ಟ್ ಟೈಪ್ ಪಟ್ಟಿಯ ಕೆಳತುದಿಯಲ್ಲಿ, ಅದರ್ ಎಂಬ ಗುಂಪಿನಲ್ಲಿ ರೇಡಾರ್ ಇರುತ್ತದೆ.

ಹೋಲಿಸಬೇಕಾದ ಮಾದರಿಗಳು ಮೂರನ್ನು ಮೀರಿದರೆ ಎಲ್ಲವನ್ನೂ ಒಂದೇ ಚಿತ್ರದೊಳಗೆ ತುರುಕಬೇಡಿರಿ. ಮೊದಲ ಚಾರ್ಟನ್ನು ನಕಲು ಮಾಡಿ ಅಂಟಿಸಿ, ಸೆಲೆಕ್ಟ್ ಡೇಟಾ ಮೂಲಕ ಅದರ ದತ್ತಾಂಶವನ್ನು ಬದಲಿಸಿದರೆ ನೀವು ಕೊಟ್ಟ 6 ಮತ್ತು 9ರ ಮಿತಿಗಳು ಹಾಗೆಯೇ ಉಳಿಯುತ್ತವೆ. ಹೀಗೆ ಒಂದೇ ಅಳತೆಯ ಸಣ್ಣ ಚಾರ್ಟುಗಳನ್ನು ಸಾಲಾಗಿ ಇಟ್ಟು, ಪ್ರತಿಯೊಂದರ ಕೆಳಗೂ ಒಟ್ಟು ಅಂಕವನ್ನು ಸಂಖ್ಯೆಯಲ್ಲೇ ಬರೆಯಿರಿ.